ಸರ್ವರ್ ಇಲ್ಲ ಅಂದ್ರೆ ಯಾವುದಿಲ್ಲ?

(ವನಗೂರು ಕೂಡುರಸ್ತೆಯಲ್ಲಿ ಅರ್ಜಿ ಹಾಕಿಕೊಡುವ ಅಂಗಡಿ ನಡೆಸುವ ಅಕ್ಕ, ಬೆಂಗಳೂರಿನ ಕಂಪನಿಯೊಂದರ ಸರ್ವರ್‌ಗಳನ್ನು ಊರಿನಿಂದಲೇ ನೋಡಿಕೊಳ್ಳುವ ತಮ್ಮ.)

ಅಕ್ಕ: ನೀನು ಸರ್ವರ್ ನೋಡ್ಕೊಳ್ಳೋನಲ್ವೇನೋ, ಒಂದು ಕೇಳ್ತೀನಿ ಹೇಳು. ಬಾಗಿಲಲ್ಲಿ ನಿಂತೋರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂತ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ. ಬಿಸಿಲೆ ಕಡೆಯಿಂದ ಬಸ್ ಹತ್ತಿ ಬಂದೋರು, ಒಂದು ದಿನದ ಕೂಲಿ ಬಿಟ್ಟು ಬಂದೋರು ಆ ಮಾತು ಕೇಳ್ಕೊಂಡು ವಾಪಸ್ ಹೋಗ್ತಾರೆ. ಇಲ್ಲ ಅಂದ್ರೆ ಏನಿಲ್ಲ ಅಂತ ಅವರೂ ಕೇಳಲ್ಲ, ನನಗೂ ಗೊತ್ತಿಲ್ಲ.

ತಮ್ಮ: ಆವಾಗ ಸ್ಕ್ರೀನ್ ಮೇಲೆ ಏನು ಬರುತ್ತೆ?

ಅಕ್ಕ: ಒಂದೊಂದ್ಸಲ ಒಂದೊಂದು. ಬಿಳಿ ಹಾಳೆ ಮೇಲೆ 502 ಅಂತ ಬರ್ತದೆ, 503 ಅಂತ ಬರ್ತದೆ, 504 ಅಂತ ಬರ್ತದೆ, ಪಕ್ಕದಲ್ಲಿ ಇಂಗ್ಲಿಷಲ್ಲಿ ಒಂದು ಸಾಲು. ಕೆಲವು ಸಲ ಅದೂ ಇಲ್ಲ, ಸುಮ್ನೆ ಸುತ್ತುತ್ತಾ ಇರ್ತದೆ.

ತಮ್ಮ: ಆ ನಾಲ್ಕೂ ಬೇರೆ ಬೇರೆ ಸುದ್ದಿ ಅಕ್ಕ. ಅದನ್ನ ಬರೆದು ಕಳಿಸೋದು ಎಷ್ಟೋ ಸಲ ಸರ್ವರೇ ಅಲ್ಲ. ಸರ್ವರ್‌ಗಳ ಮುಂದೆ ಇನ್ನೊಂದು ಕೂತಿರುತ್ತೆ, ಲೋಡ್ ಬ್ಯಾಲೆನ್ಸರ್ ಅಂತೀವಿ. ನೀನಿಲ್ಲಿ ಬಟನ್ ಒತ್ತಿದ್ರೆ ಅದು ಮೊದಲು ಮುಟ್ಟೋದು ಲೋಡ್ ಬ್ಯಾಲೆನ್ಸರನ್ನ. ಹಿಂದಿರೋ ಮಷಿನ್‌ಗಳಲ್ಲಿ ಒಂದನ್ನ ಆರಿಸಿ ನಿನ್ನ ಕೆಲಸ ಅಲ್ಲಿಗೆ ದಾಟಿಸುತ್ತೆ, ಉತ್ತರ ಇಸ್ಕೊಂಡು ನಿನಗೆ ತಂದುಕೊಡುತ್ತೆ. 503 ಬಂದ್ರೆ, ಕಳಿಸೋಕೆ ಅದರ ಹತ್ತಿರ ಒಂದು ಮಷಿನೂ ಇಲ್ಲ. 504 ಬಂದ್ರೆ, ಮಷಿನ್‌ಗೆ ಕೊಟ್ಟಿದೆ, ಕಾದಿದೆ, ಹೊತ್ತು ಮೀರಿದ್ರೂ ಉತ್ತರ ಬಂದಿಲ್ಲ. 502 ಬಂದ್ರೆ, ಮಷಿನ್ ನಡುವೆಯೇ ಸಂಪರ್ಕ ಕಡಿದುಹಾಕಿದೆ, ಇಲ್ಲಾಂದ್ರೆ ಅರ್ಥವಾಗದ ಉತ್ತರ ಕೊಟ್ಟಿದೆ. ಬರೀ ಸುತ್ತುತ್ತಾ ಇದ್ರೆ, ನಿನ್ನ ಕೋರಿಕೆ ಅಲ್ಲಿವರೆಗೂ ಮುಟ್ಟಿತೋ ಇಲ್ಲವೋ ಅನ್ನೋದೇ ಅನುಮಾನ.

ಅಕ್ಕ: ಹಂಗಾದ್ರೆ ‘ಸರ್ವರ್ ಇಲ್ಲ’ ಅಂತ ಹೇಳೋಕಾದ್ರೂ ಅಲ್ಲಿ ಒಂದು ಇದ್ದೇ ಇರ್ತದೆ.

ತಮ್ಮ: ಇರಲೇಬೇಕು. ಅದಕ್ಕೇ ಅದನ್ನ ಒಂದೇ ಮಷಿನ್ ಮೇಲೆ ಇಡಲ್ಲ. ಅಮೆಜಾನ್‌ನವರ ಕ್ಲೌಡ್‌ನಲ್ಲಿ ವೆಬ್ ಪುಟಗಳಿಗೆ ಒಂದು ಲೋಡ್ ಬ್ಯಾಲೆನ್ಸರ್ ಬೇಕು ಅಂದ್ರೆ ಕನಿಷ್ಠ ಎರಡು ಜ಼ೋನ್ ಕೊಡು ಅಂತ ಕೇಳುತ್ತೆ. ಜ಼ೋನ್ ಅಂದ್ರೆ ಬೇರೆ ಬೇರೆ ಕರೆಂಟು, ಬೇರೆ ಬೇರೆ ನೆಟ್‌ವರ್ಕ್ ಇರೋ, ದೂರ ದೂರದ ಕಟ್ಟಡಗಳು. ಇಂಥ ಜ಼ೋನ್‌ಗಳ ಗುಂಪು ನಮಗೆ ಹತ್ತಿರ ಅಂದ್ರೆ 2016ರಲ್ಲಿ ಮುಂಬೈನಲ್ಲಿ ಶುರು ಮಾಡಿದ್ದು, ಆಮೇಲೆ 2022ರಲ್ಲಿ ಹೈದರಾಬಾದ್‌ನಲ್ಲಿ ಮಾಡಿದ್ದು.

ಅಕ್ಕ: ಬಿಸಿಲೆಗೆ ಹೋಗೋವಾಗ ಮಂಕನಹಳ್ಳಿ ಹತ್ರ ಕಲ್ಲು ನೆಟ್ಟಿದಾರಲ್ಲ, ಆ ದಿಣ್ಣೆಯಿಂದ ಈ ಕಡೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಆ ಕಡೆ ಬಿದ್ದದ್ದು ಕುಮಾರಧಾರೆ ಸೇರಿ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಇದೂ ಹಂಗೇ ಹಂಚ್ತದಾ?

ತಮ್ಮ: ಮೊದಮೊದಲು ಹಂಗೇ ಹಂಚ್ತಿದ್ರು. ಒಂದು ಹೆಸರಿಗೆ ನಾಲ್ಕು ವಿಳಾಸ ಬರೆದಿಟ್ಟು, ಕೇಳಿದೋರಿಗೆಲ್ಲ ಸರದಿ ಮೇಲೆ ಒಂದೊಂದು ಕೊಡೋದು. ಹೆಸರಿಗೆ ವಿಳಾಸ ಹೇಳೋ ಡಿಎನ್‌ಎಸ್ ಮಟ್ಟದಲ್ಲೇ ಮುಗಿದುಹೋಗೋ ಕೆಲಸ. ಆದ್ರೆ ಮಂಕನಹಳ್ಳಿ ದಿಣ್ಣೆಗೆ ಕೆಳಗಿನ ಹೊಳೆ ತುಂಬಿ ಹರೀತಿದೆಯಾ, ಗುಡ್ಡ ಜರಿದು ಕಟ್ಟಿಕೊಂಡಿದೆಯಾ ಅನ್ನೋದು ಗೊತ್ತಾಗಲ್ಲ. ನೀರು ಬಿತ್ತು, ಇಳಿಸಿತು, ಅಷ್ಟೇ. ಲೋಡ್ ಬ್ಯಾಲೆನ್ಸರ್ ಹಾಗಲ್ಲ, ಅದು ಕೆಳಗೆ ಇಳಿದು ನೋಡ್ಕೊಂಡು ಬರುತ್ತೆ. ನನ್ನ ಕೇಳಿದ್ರೆ ಹಂಚೋದು ಅದರ ಅರ್ಧ ಕೆಲಸವೂ ಅಲ್ಲ. ವಿಚಾರಿಸ್ಕೊಳ್ಳೋದೇ ಮುಖ್ಯ ಕೆಲಸ.

ಅಕ್ಕ: ಹೆಂಗೆ ವಿಚಾರಿಸ್ತದೆ?

ತಮ್ಮ: ಲ್ಯಾಪ್‌ಟಾಪ್ ಈ ಕಡೆ ತಿರುಗಿಸ್ತೀನಿ, ನೋಡು. ಇದು ನಾವೊಂದಷ್ಟು ಜನ ಸೇರಿ ಮಾಡ್ತಿರೋ ಮಳೆ ಪುಟ. ಒಬ್ಬೊಬ್ಬ ಬೆಳೆಗಾರ ಬೆಳಿಗ್ಗೆ ತನ್ನ ತೋಟದ ಮಾಪಕ ನೋಡಿ ಇಂಚು, ಸೆಂಟು ಇಲ್ಲಿ ಹಾಕಬೇಕು. ಅಕ್ಕಪಕ್ಕದೋರಿಗೆ ಎಷ್ಟು ಬಂದಿದೆ ಅಂತ ಇಲ್ಲೇ ನೋಡ್ಕೋಬೇಕು.

ಅಕ್ಕ: ಅಷ್ಟಕ್ಕೂ ಇದೆಲ್ಲಾ ಬೇಕಾ? ಒಂದು ಮಷಿನ್ ಸಾಲಲ್ವಾ?

ತಮ್ಮ: ಬೇರೆ ದಿನ ಸಾಕು. ಮಾರ್ಚಲ್ಲಿ ಕಾಫಿ ಹೂಮಳೆ ಬಿದ್ದ ಮಾರನೇ ಬೆಳಿಗ್ಗೆ ಸಾಲಲ್ಲ. ಯಸಳೂರಿಗೆ ಬಂತಂತೆ, ಹೆತ್ತೂರಿಗೆ ಬಂತಂತೆ, ಆಲೂರು ಕಡೆ ಬರಲೇ ಇಲ್ವಂತೆ ಅಂತ ಎಲ್ಲರೂ ಒಟ್ಟಿಗೆ ಫೋನ್ ಹಿಡೀತಾರೆ. ಮಳೆ ಬಾರದಿದ್ದ ತೋಟದೋರು ಸ್ಪ್ರಿಂಕ್ಲರ್ ಹಾಕೋದಾ ಬೇಡವಾ ಅಂತ ತೀರ್ಮಾನ ಮಾಡೋದು ಅದೇ ಹೊತ್ತಲ್ಲಿ. ವರ್ಷದಲ್ಲಿ ಅದೊಂದು ಬೆಳಿಗ್ಗೆ ಪುಟ ಎದ್ದು ನಿಲ್ಲದಿದ್ರೆ ಮಿಕ್ಕ ದಿನ ಇದ್ದು ಏನು ಪ್ರಯೋಜನ? ಖರ್ಚಿನ ವಿಷಯದಲ್ಲಿ ನೀನು ಹೇಳೋದು ಸರಿ. ಇದಕ್ಕೆ ಗಂಟೆ ಲೆಕ್ಕದ ಬಾಡಿಗೆ ಒಂದು, ಎಷ್ಟು ದಾಟಿಸ್ತೋ ಅದರ ಮೇಲೆ ಇನ್ನೊಂದು. ಪುಟ್ಟ ಪುಟಕ್ಕೆ ಲೋಡ್ ಬ್ಯಾಲೆನ್ಸರಿನ ಬಾಡಿಗೆಯೇ ಹಿಂದಿನ ಮಷಿನ್‌ಗಿಂತ ಜಾಸ್ತಿ ಬೀಳಬಹುದು. ಪುಕ್ಕಟೆ ಸಿಗೋ ಹೆಚ್‌ಎಪ್ರಾಕ್ಸಿ ಇದೆ, ಎಂಜಿನ್‌ಎಕ್ಸ್ ಇದೆ, ಇಪ್ಪತ್ತು ವರ್ಷದಿಂದ ಲೋಕವನ್ನೇ ಹೊತ್ತಿರೋ ಸಾಫ್ಟ್‌ವೇರ್‌ಗಳು. ಅವನ್ನ ನಾವೇ ಒಂದು ಮಷಿನ್ ಮೇಲೆ ಹಾಕಿಕೊಂಡ್ರೆ, ಆ ಮಷಿನ್ ಬಿದ್ದ ದಿನ ಎಲ್ಲಾ ಬಿತ್ತು. ನಾವು ಮಲಗಿದ್ದಾಗ ಯಾರು ಎದ್ದಿರ್ತಾರೆ ಅನ್ನೋದಕ್ಕೆ ಕೊಡೋ ಬಾಡಿಗೆ ಇದು.

ಅಕ್ಕ: ಸರಿ, ಆ ವಿಚಾರಿಸೋದನ್ನ ತೋರಿಸು.

ತಮ್ಮ: ಇಲ್ಲಿ ‘ಲಿಸನರ್’ ಅಂತಿದೆಯಲ್ಲ, 443ನೇ ಪೋರ್ಟ್‌ನಲ್ಲಿ ಬರೋರನ್ನ ಬರಮಾಡಿಕೊಳ್ಳೋದು ಇದು. ಬೀಗ ಗುರುತಿನ ಸರ್ಟಿಫಿಕೇಟ್ ಇಲ್ಲೇ ಇರುತ್ತೆ, ಹಿಂದಿನ ಒಂದೊಂದು ಮಷಿನ್‌ಗೂ ಬೇರೆ ಬೇರೆ ಹಾಕೋ ಕಷ್ಟ ಇಲ್ಲ. ಕೆಳಗೆ ‘ಟಾರ್ಗೆಟ್ ಗ್ರೂಪ್’, ಅಂದ್ರೆ ಹಿಂದಿನ ಮಷಿನ್‌ಗಳ ಪಟ್ಟಿ. ಆ ಮಷಿನ್‌ಗಳು ಲೋಡ್ ಬ್ಯಾಲೆನ್ಸರ್ ಕಡೆಯಿಂದ ಬಂದದ್ದನ್ನ ಮಾತ್ರ ತೆಗೆದುಕೊಳ್ಳಬೇಕು, ಹೊರಗಿಂದ ನೇರ ಯಾರೂ ಮುಟ್ಟೋಹಾಗಿರಬಾರದು. ಇಷ್ಟು ಯಾರು ಬೇಕಾದ್ರೂ ಅರ್ಧ ಗಂಟೆಯಲ್ಲಿ ಮಾಡಬಹುದು. ಈಗ ಈ ಪೆಟ್ಟಿಗೆ ನೋಡು, ‘ಹೆಲ್ತ್ ಚೆಕ್’. ನಾವು ಏನೂ ಮುಟ್ಟದಿದ್ರೆ 30 ಸೆಕೆಂಡಿಗೊಮ್ಮೆ ಮಷಿನ್ ಹತ್ತಿರ ಹೋಗಿ ಕೇಳುತ್ತೆ. 5 ಸೆಕೆಂಡ್ ಒಳಗೆ ಉತ್ತರ ಬರಬೇಕು, ಬಂದ ಉತ್ತರ 200 ಆಗಿರಬೇಕು. ಸತತ 2 ಸಲ ತಪ್ಪಿದ್ರೆ ಆ ಮಷಿನ್ ಪಟ್ಟಿಯಿಂದ ಪಕ್ಕಕ್ಕೆ. ಮತ್ತೆ ಒಳಗೆ ಬರಬೇಕಾದ್ರೆ ಸತತ 5 ಸಲ ಸರಿ ಉತ್ತರ ಕೊಡಬೇಕು.

ಅಕ್ಕ: ಬೀಳೋಕೆ ಎರಡು, ಏಳೋಕೆ ಐದು.

ತಮ್ಮ: ಹೌದು. ಲೆಕ್ಕ ಹಾಕಿ ನೋಡು. ಮಷಿನ್ ಸತ್ತಿದೆ ಅಂತ ಗೊತ್ತಾಗೋಕೆ ಹತ್ತಿರ ಹತ್ತಿರ ಒಂದು ನಿಮಿಷ. ಎರಡು ಮಷಿನ್ ಇದ್ದು, ಸೆಕೆಂಡಿಗೆ ಹತ್ತು ಜನ ಬರ್ತಿದ್ರೆ, ಆ ನಿಮಿಷದಲ್ಲಿ ಮುನ್ನೂರು ಜನ ಸತ್ತ ಮಷಿನ್ ಕಡೆ ಹೋಗ್ತಾರೆ. ಚೇತರಿಸಿಕೊಂಡ ಮೇಲೂ ಎರಡೂವರೆ ನಿಮಿಷ ಹೊರಗೇ ಇರುತ್ತೆ, ಅಷ್ಟು ಹೊತ್ತು ಇನ್ನೊಂದರ ಮೇಲೇ ಪೂರ್ತಿ ಭಾರ. ಕಂಪನಿಯಿಂದ ಬಂದ ಅಂಕಿಗಳನ್ನ ಹಾಗೇ ಬಿಟ್ಟಿರೋ ಜಾಗಗಳನ್ನ ಎಷ್ಟೋ ನೋಡಿದೀನಿ. ಸೆಕೆಂಡ್ ಕಮ್ಮಿ ಮಾಡಿದ್ರೆ ಸಣ್ಣ ತೊಡರಿಗೂ ಮಷಿನ್ ಹೊರಗೆ ಬೀಳುತ್ತೆ. ಜಾಸ್ತಿ ಮಾಡಿದ್ರೆ ಜನ ಬೀಳ್ತಾರೆ. ಮಳೆ ಪುಟಕ್ಕೆ ನಾನು 10 ಸೆಕೆಂಡಿಗೊಮ್ಮೆ, ಮೂರು ತಪ್ಪಿಗೆ ಹೊರಗೆ ಅಂತ ಇಟ್ಟಿದೀನಿ.

ಅಕ್ಕ: ಅದು ಹೋಗಿ ಕೇಳೋದಾದ್ರೂ ಏನನ್ನ?

ತಮ್ಮ: ಅದನ್ನ ನಾವು ಬರೀಬೇಕು. ಕಷ್ಟ ಇರೋದೇ ಅಲ್ಲಿ. ಅವಸರದಲ್ಲಿ ಮಾಡೋರು ‘ಇದೀನಿ’ ಅಂತ ಒಂದೇ ಮಾತು ಹೇಳೋ ಪುಟ ಇಟ್ಟುಬಿಡ್ತಾರೆ. ಡೇಟಾಬೇಸ್ ನಿಂತುಹೋಗಿರುತ್ತೆ, ಡಿಸ್ಕ್ ತುಂಬಿರುತ್ತೆ, ಒಂದು ಅರ್ಜಿಯೂ ಒಳಗೆ ಹೋಗ್ತಿರಲ್ಲ. ಆ ಪುಟ ಮಾತ್ರ 200, 200, 200 ಅಂತ ಹೇಳ್ತಾನೇ ಇರುತ್ತೆ. ಲೋಡ್ ಬ್ಯಾಲೆನ್ಸರ್ ನಂಬಿ ಜನರನ್ನ ಕಳಿಸ್ತಾನೇ ಇರುತ್ತೆ. ಇನ್ನೂ ಕೆಟ್ಟದ್ದು ಕೇಳು. ಕೆಲಸ ಮಾಡದೆ ಬೇಗ ಕೈಬಿಡೋ ಮಷಿನ್ ಮೇಲೆ ಬಾಕಿ ಕಮ್ಮಿ ಕಾಣುತ್ತೆ. ಬಾಕಿ ಕಮ್ಮಿ ಇರೋದಕ್ಕೆ ಕಳಿಸು ಅಂತ ನಿಯಮ ಇಟ್ಟಿದ್ರೆ, ಇರೋ ಜನರನ್ನೆಲ್ಲ ಆ ಕೆಟ್ಟ ಮಷಿನ್ ಕಡೆಗೇ ತಳ್ಳುತ್ತೆ.

ಅಕ್ಕ: ಹಂಗಾದ್ರೆ ಡೇಟಾಬೇಸ್‌ವರೆಗೂ ಹೋಗಿ ಕೇಳ್ಕೊಂಡು ಬಾ ಅನ್ನಬೇಕಪ್ಪ. ಇದರಲ್ಲಿ ಕಷ್ಟ ಏನು?

ತಮ್ಮ: ಎಲ್ಲರೂ ಮೊದಲು ಹಾಗೇ ಅಂತಾರೆ. ಹತ್ತು ಮಷಿನ್‌ಗೂ ಡೇಟಾಬೇಸ್ ಒಂದೇ. ಅದು ಒಂದೆರಡು ನಿಮಿಷ ನಿಧಾನ ಆಯ್ತು ಅನ್ನು. ಹತ್ತೂ ಮಷಿನ್ ಒಟ್ಟಿಗೆ ‘ನನಗೆ ಹುಷಾರಿಲ್ಲ’ ಅಂತಾವೆ. ನಿಧಾನವಾಗಿಯಾದ್ರೂ ಅರ್ಧ ಜನಕ್ಕೆ ಕೆಲಸ ಆಗ್ತಿತ್ತು, ಈಗ ಹತ್ತನ್ನೂ ಹೊರಗೆ ಹಾಕಿ ಎಲ್ಲರಿಗೂ ಇಲ್ಲ ಅಂದಹಾಗಾಯ್ತು. ಇದಕ್ಕೇ ಅಮೆಜಾನ್‌ನವರು ಒಂದು ನಿಯಮ ಇಟ್ಟಿದಾರೆ: ಪಟ್ಟಿಯಲ್ಲಿರೋ ಎಲ್ಲಾ ಮಷಿನ್‌ಗಳೂ ಒಟ್ಟಿಗೆ ಫೇಲ್ ಆದ್ರೆ, ಹೆಲ್ತ್ ಚೆಕ್‌ನ ಮಾತನ್ನೇ ಕೇಳದೆ ಎಲ್ಲದಕ್ಕೂ ಕಳಿಸು. ಎಲ್ಲರೂ ಒಂದೇ ಕ್ಷಣದಲ್ಲಿ ಸತ್ತರು ಅನ್ನೋದಕ್ಕಿಂತ ನಾನು ಕೇಳಿದ ಪ್ರಶ್ನೆಯೇ ತಪ್ಪಿರಬೇಕು ಅಂತ ತಿಳ್ಕೊಳ್ಳೋದು ಕ್ಷೇಮ. ನನಗೆ ಈ ನಿಯಮ ಬಹಳ ಇಷ್ಟ.

ಅಕ್ಕ: ದೊಡ್ಡೋರಿಗೂ ಹಿಂಗೆ ಆಗಿದೆಯಾ?

ತಮ್ಮ: ಅಮೆಜಾನ್‌ಗೇ ಆಗಿದೆ. 2025ರ ಅಕ್ಟೋಬರ್ 20. ಅಮೆರಿಕದ ವರ್ಜೀನಿಯಾದಲ್ಲಿರೋ ಅವರ ಕೇಂದ್ರ ಬಿತ್ತು, ಲೋಕದಲ್ಲಿ ಎಷ್ಟೋ ಆಪ್‌ಗಳು ಜೊತೆಗೇ ಮಲಗಿದವು. ಶುರುವಾದದ್ದು ಒಂದು ಡೇಟಾಬೇಸ್ ಸೇವೆಯ ಡಿಎನ್‌ಎಸ್ ದಾಖಲೆ ಅಳಿಸಿಹೋಗಿ. ಅದನ್ನ ರಾತ್ರಿಯೇ ಸರಿ ಮಾಡಿದ್ರು. ಬೆಳಗಾದ ಮೇಲೆ ಎರಡನೇ ಪೆಟ್ಟು ಬಿತ್ತಲ್ಲ, ಅದು ನಮ್ಮ ವಿಷಯ. ಹೊಸದಾಗಿ ಎಬ್ಬಿಸಿದ ಮಷಿನ್‌ಗಳಿಗೆ ನೆಟ್‌ವರ್ಕ್ ವಿವರ ತಲುಪೋದು ತಡ ಆಗ್ತಿತ್ತು. ಮಷಿನ್ ಚೆನ್ನಾಗೇ ಇದೆ, ಆದ್ರೆ ಹೆಲ್ತ್ ಚೆಕ್ ಒಂದ್ಸಲ ಪಾಸು, ಒಂದ್ಸಲ ಫೇಲು. ಫೇಲ್ ಅಂದ ಕೂಡಲೇ ಹೊರಗೆ, ಪಾಸ್ ಅಂದ ಕೂಡಲೇ ಒಳಗೆ. ಹೀಗೆ ತೆಗೆದೂ ಸೇರಿಸಿ, ತೆಗೆದೂ ಸೇರಿಸಿ ಆ ವಿಚಾರಿಸೋ ವ್ಯವಸ್ಥೆಗೇ ಹೊರೆಯಾಗಿ, ಚೆನ್ನಾಗಿದ್ದ ಮಷಿನ್‌ಗಳೂ ಜನರಿಗೆ ಸಿಗದಂಗಾದವು. ಕೊನೆಗೆ ಅಲ್ಲಿನ ಎಂಜಿನಿಯರ್‌ಗಳು ತಾನಾಗೇ ಹೊರಗೆ ಹಾಕೋ ಆ ಏರ್ಪಾಡನ್ನೇ ಕೈಯಿಂದ ಬಂದ್ ಮಾಡಿದ್ರು. ಆಮೇಲೆ ಒಂದು ಹದಕ್ಕೆ ಬಂತು.

ಅಕ್ಕ: ಅಂಥೋರೇ ಆ ಪರಿ ಒದ್ದಾಡಿದ್ರು ಅಂದ್ರೆ ಇಲ್ಲಿ ಮಷಿನ್ ಜಾಸ್ತಿ ಇಡೋದೊಂದೇ ದಾರಿ ಅನ್ನಿಸ್ತದೆ.

ತಮ್ಮ: ಅದೂ ಸಾಕಾಗಲ್ಲ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್‌ನವರು ಬಿಗ್ ಬಿಲಿಯನ್ ಡೇ ಅಂತ ಮಾಡಿದ್ರು, ನೆನಪಿದೆಯಾ? ಬೆಂಗಳೂರಿನ ಕಂಪನಿ. ಹತ್ತಿರ ಹತ್ತಿರ 5,000 ಸರ್ವರ್ ಇಟ್ಟಿದ್ವಿ, ಇಪ್ಪತ್ತು ಪಟ್ಟು ಜನ ಬಂದ್ರೂ ತಡೀತೀವಿ ಅಂದುಕೊಂಡಿದ್ವಿ ಅಂತ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಮಾರನೇ ದಿನ ಗ್ರಾಹಕರಿಗೆ ಬರೆದ ಕ್ಷಮಾಪಣೆ ಪತ್ರದಲ್ಲಿ ಹೇಳಿದ್ರು. ಬಂದೋರು ಅದಕ್ಕೂ ಜಾಸ್ತಿ. ಮುಂದಿನ ಬಾಗಿಲು ಎಷ್ಟು ಅಗಲ ಮಾಡಿದ್ರೂ, ಹಿಂದೆ ಒಂದು ಕಡೆ ಎಲ್ಲರೂ ಸೇರೋ ಇಕ್ಕಟ್ಟು ಇದ್ದೇ ಇರುತ್ತೆ, ಸ್ಟಾಕ್ ಲೆಕ್ಕವೋ ದುಡ್ಡಿನ ಲೆಕ್ಕವೋ. ಮಷಿನ್ ಹೆಚ್ಚು ಮಾಡಿದಷ್ಟೂ ಅಲ್ಲಿ ನೂಕುನುಗ್ಗಲು ಹೆಚ್ಚು.

ಅಕ್ಕ: ಆಸ್ತಿ ನೋಂದಣಿಯ ಕಾವೇರಿ 2.0 ಪುಟಕ್ಕೂ ಹಂಗೇ ಆಗಿದ್ದಾ? 2025ರ ಜನವರಿಯಲ್ಲಿ. ಆಸ್ತಿ ನೋಂದಣಿಗೆ ಹೋದೋರು ಎಲ್ಲಾ ಕಡೆ ಕಾಯ್ತಾ ಕೂತಿದ್ರಲ್ಲ.

ತಮ್ಮ: ಅದು ಬೇರೆ ರೋಗ. ಯಾರೋ ನಕಲಿ ಖಾತೆ ಮಾಡ್ಕೊಂಡು, ಮನುಷ್ಯರ ಬದಲು ಸಾಫ್ಟ್‌ವೇರ್ ಕೂರಿಸಿ, ಇಸಿ, ಅಂದ್ರೆ ಋಣಭಾರ ಪತ್ರ, ಹುಡುಕೋ ಕೋರಿಕೆಗಳನ್ನ ರಾಶಿ ರಾಶಿ ಸುರಿದಿದ್ರು. ಸೈಬರ್ ಪೊಲೀಸರಲ್ಲಿ ಕೇಸೂ ಆಯ್ತು. ಲೋಡ್ ಬ್ಯಾಲೆನ್ಸರ್‌ಗೆ ಬಂದೋರೆಲ್ಲ ಒಂದೇ. ಇಸಿ ಹುಡುಕೋದು ಹಳೇ ದಾಖಲೆಯನ್ನೆಲ್ಲ ಕೆದಕೋ ಕೆಲಸ, ಭಾರವಾದದ್ದು. ಒಂದು ಕಡೆಯಿಂದ ನಿಮಿಷಕ್ಕೆ ಇಷ್ಟೇ ಅಂತ ಮಿತಿ ಇಡೋ ಇನ್ನೊಂದು ಪದರ ಮುಂದೆ ಇಲ್ಲದಿದ್ರೆ, ಹಂಚೋದು ಎಷ್ಟು ಚೆನ್ನಾಗಿದ್ರೆ ಅಷ್ಟೂ ಚೆನ್ನಾಗಿ ಆ ಕಳ್ಳ ಹೊರೆಯನ್ನ ಎಲ್ಲಾ ಮಷಿನ್‌ಗೂ ಹಂಚಿಬಿಡುತ್ತೆ. ಆದ್ರೆ ಆ ಮಿತಿ ಇಡೋವಾಗಲೂ ಹುಷಾರಾಗಿರಬೇಕು. ನಿನ್ನ ಅಂಗಡಿಯಿಂದ ಹೊರಡೋ ಎಲ್ಲರ ಅರ್ಜಿಗೂ ವಿಳಾಸ ಒಂದೇ. ಇಪ್ಪತ್ತು ಜನರ ಕೆಲಸ ಮಾಡೋ ನೀನು ಹೊರಗಿಂದ ನೋಡಿದ್ರೆ ಆ ಕಳ್ಳನ ಹಾಗೇ ಕಾಣ್ತೀಯ.

ಅಕ್ಕ: ಅಯ್ಯೋ, ಅದಕ್ಕೇ ಕೆಲವು ಪುಟದಲ್ಲಿ ಎರಡು ಅರ್ಜಿ ಆದ್ಮೇಲೆ ಬೇಡ ಅಂತದಾ! ಇನ್ನೊಂದು ಕೇಳ್ಬೇಕು. ಆಗದೇ ಇದ್ದಾಗ ನಾನು ಮೂರು ಟ್ಯಾಬ್ ತೆಗೀತೀನಿ, ಮೂರರಲ್ಲೂ ರಿಫ್ರೆಶ್ ಒತ್ತುತಾ ಇರ್ತೀನಿ. ನಿಂತೋರಿಗೂ ನಿಮ್ಮ ಫೋನಲ್ಲೂ ನೋಡಿ ಅಂತೀನಿ. ಅದರಿಂದ ಏನಾದ್ರೂ ಉಪಯೋಗ ಇದೆಯಾ?

ತಮ್ಮ: ನಿನಗೆ ಒಂದ್ಸಲ ಸಿಗಬಹುದು. ರಾಜ್ಯದಲ್ಲೆಲ್ಲ ನಿನ್ನಂಥೋರು ಹಾಗೇ ಒತ್ತುತಾ ಇದ್ರೆ, ಏಳೋಕೆ ನೋಡ್ತಿರೋ ಮಷಿನ್ ಮೇಲೆ ಮೂರು ಪಟ್ಟು ಭಾರ ಬೀಳುತ್ತೆ, ಮತ್ತೆ ಮಲಗುತ್ತೆ. ನಾವು ಸಾಫ್ಟ್‌ವೇರ್‌ಗೆ ಹೇಳಿಕೊಡೋದು ಹೀಗೆ: ಮೊದಲ ಸಲ ಆಗದಿದ್ರೆ ಒಂದು ಸೆಕೆಂಡ್ ತಡಿ, ಆಮೇಲೆ ಎರಡು, ಆಮೇಲೆ ನಾಲ್ಕು. ಅದರಲ್ಲೂ ಎಲ್ಲರೂ ಒಂದೇ ಕ್ಷಣಕ್ಕೆ ಬರದಹಾಗೆ ಸ್ವಲ್ಪ ಹಿಂದೆಮುಂದೆ ಮಾಡು. ಆದ್ರೆ ತಪ್ಪು ನಿನ್ನದಲ್ಲ. ಯಾವಾಗ ಬರಬೇಕು ಅಂತ ಆ ಪುಟ ನಿನಗೆ ಹೇಳಲೇ ಇಲ್ಲ. 503 ಕಳಿಸೋವಾಗ ಜೊತೆಗೇ ‘ಇಷ್ಟು ಸೆಕೆಂಡ್ ಬಿಟ್ಟು ಬಾ’ ಅಂತ ಹೇಳೋಕೆ ವೆಬ್‌ನ ನಿಯಮದಲ್ಲೇ ಜಾಗ ಇದೆ. ಬಳಸೋರು ಕಮ್ಮಿ.

ಅಕ್ಕ: ಗೃಹಲಕ್ಷ್ಮಿ ಅರ್ಜಿಗೆ ಹಂಗೆ ಮಾಡಿದ್ರು ನೋಡು. 2023ರ ಜುಲೈನಲ್ಲಿ. ರೇಷನ್ ಕಾರ್ಡ್ ನಂಬರ್ ಮೆಸೇಜ್ ಮಾಡಿದ್ರೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಅಂತ ವಾಪಸ್ ಮೆಸೇಜ್ ಬರ್ತಿತ್ತು. ಹೆಂಗಸರು ಆ ಮೆಸೇಜ್ ಹಿಡ್ಕೊಂಡೇ ಬರೋರು. ನಿನ್ನ ಹೊಳೆ ತುಂಬೋ ಮುಂಚೆ ಮಳೆಯನ್ನೇ ದಿನದಿನಕ್ಕೆ ಹಂಚಿದಂಗೆ.

ತಮ್ಮ: ಅದು ನಿಜವಾಗಿಯೂ ಒಳ್ಳೇ ಯೋಚನೆ ಅಕ್ಕ. ಮಷಿನ್‌ಗಳ ನಡುವೆ ಹಂಚೋಕಿಂತ ಹೊತ್ತಿನ ಮೇಲೆ ಹಂಚೋದು ಎಷ್ಟೋ ಅಗ್ಗ, ಎಷ್ಟೋ ಗಟ್ಟಿ. ಯಾರೂ ಅದನ್ನ ಲೋಡ್ ಬ್ಯಾಲೆನ್ಸಿಂಗ್ ಅಂತ ಕರೀಲಿಲ್ಲ, ಅಷ್ಟೇ.

ಅಕ್ಕ: ಈಗ ನನ್ನ ನಿಜವಾದ ತೊಂದರೆ ಹೇಳ್ತೀನಿ. ಬೆಂಗಳೂರಿಗೆ ಫೋನ್ ಮಾಡಿ ಕೇಳಿದ್ರೆ ‘ನಮ್ಮ ಕಡೆ ಎಲ್ಲಾ ಸರಿಯಿದೆ ಮೇಡಂ’ ಅಂತಾರೆ. ಯಾವ ಕಚೇರಿ ಅಂತ ಬೇಡ, ಎಲ್ಲರೂ ಅದನ್ನೇ ಹೇಳೋದು. ಇಲ್ಲಿ ನಾನು ಹತ್ತು ಪುಟದ ಸ್ಕ್ಯಾನ್ ಹಾಕ್ತಾ ಇರ್ತೀನಿ. ಜುಲೈ ತಿಂಗಳು, ಮಳೆ ಹುಯ್ತಿರ್ತದೆ, ಕರೆಂಟ್ ಹೋಗಿ ಟವರ್ ಅರ್ಧ ಜೀವ. ಅರವತ್ತು ಪರ್ಸೆಂಟ್‌ಗೆ ಬಂದು ನಿಲ್ತದೆ. ಒಂದೆರಡು ನಿಮಿಷ ಆದ್ಮೇಲೆ ಸಿಗ್ನಲ್ ಬಂದ್ರೂ ಅದು ಮುಂದಕ್ಕೆ ಹೋಗಲ್ಲ, ಮೊದಲಿಂದ ಹಾಕಬೇಕು. ಅವರಿಗೆ ಸರಿಯಿದೆ, ನನಗಿಲ್ಲ. ಯಾರು ಸುಳ್ಳು?

ತಮ್ಮ: ಇಬ್ಬರೂ ನಿಜ. ಇಲ್ಲಿ ನೋಡು, ‘ಐಡಲ್ ಟೈಮ್‌ಔಟ್’. ಮುಟ್ಟದೇ ಬಿಟ್ರೆ 60 ಸೆಕೆಂಡ್. ನಿನ್ನ ಕಡೆಯಿಂದ ಅರವತ್ತು ಸೆಕೆಂಡ್ ಒಂದು ಅಕ್ಷರವೂ ಬರದಿದ್ರೆ ಲೋಡ್ ಬ್ಯಾಲೆನ್ಸರ್ ಕೈಬಿಡುತ್ತೆ. ಬೆಂಗಳೂರಿನ ಆಫೀಸಿನ ವೈಫೈನಲ್ಲಿ ಕೂತು ಪರೀಕ್ಷೆ ಮಾಡೋರಿಗೆ ಅರವತ್ತು ಸೆಕೆಂಡ್ ಅಂದ್ರೆ ಯುಗ. ಆಷಾಢದಲ್ಲಿ ವನಗೂರಲ್ಲಿ ಅದು ಏನೂ ಅಲ್ಲ. ಹಾಗೆ ಕೈಬಿಟ್ಟದ್ದನ್ನ ಅದು ಲೆಕ್ಕದಲ್ಲಿ ಬರೆದೂ ಇಡುತ್ತೆ, 408 ಅಂತ. ‘ಕೇಳೋಕೆ ಬಂದೋರು ಹೊತ್ತಿಗೆ ಸರಿಯಾಗಿ ಮಾತು ಮುಗಿಸಲಿಲ್ಲ’ ಅಂತ ಅದರ ಅರ್ಥ. ನೀನೇ ಬೇಸತ್ತು ಪುಟ ಮುಚ್ಚಿದ್ರೆ ಅದಕ್ಕೂ ಒಂದು ನಂಬರ್ ಇದೆ, 460.

ಅಕ್ಕ: ಮುಚ್ಚಿ ಎದ್ದುಹೋದೋರಿಗೂ ನಂಬರ್ ಇದೆಯಾ?

ತಮ್ಮ: ಇದೆ. ಅಮೆಜಾನ್‌ನವರ ಲೋಡ್ ಬ್ಯಾಲೆನ್ಸರ್ ತಾನೇ ಇಟ್ಟುಕೊಂಡಿರೋ ನಂಬರ್ ಅದು. ಉತ್ತರ ಬರೋ ಮುಂಚೆ ಕೇಳಿದೋರೇ ಸಂಪರ್ಕ ಮುಚ್ಚಿದ್ರು ಅಂತ.

ಅಕ್ಕ: 500ರ ಮೇಲಿಂದು ಅವರ ತಪ್ಪು, 400ರ ಮೇಲಿಂದು ನನ್ನ ತಪ್ಪು. ಹಂಗಾ?

ತಮ್ಮ: ನಿಯಮ ಬರೆದೋರು ಹಾಗೇ ವಿಂಗಡಿಸಿದಾರೆ. ಐದರಿಂದ ಶುರುವಾದ್ರೆ ಸರ್ವರ್ ಕಡೆಯದು, ನಾಲ್ಕರಿಂದ ಶುರುವಾದ್ರೆ ಕೇಳಿದೋರ ಕಡೆಯದು. ಅದು ತಾಂತ್ರಿಕ ವಿಂಗಡಣೆ. ಆದ್ರೆ ಕಂಪನಿಗಳಲ್ಲಿ ಅಲಾರಂ ಕಟ್ಟೋದು ಐದರ ಸಾಲಿಗೆ. 503 ಹತ್ತು ಬಂದ್ರೆ ರಾತ್ರಿ ಎರಡು ಗಂಟೆಗೆ ಯಾರದೋ ಫೋನ್ ಹೊಡ್ಕೊಳ್ಳುತ್ತೆ. 408 ಸಾವಿರ ಬಂದ್ರೂ ಯಾರೂ ಏಳಲ್ಲ. ಇಷ್ಟೂ ದಾಖಲೆ ಬರೆದಿಡೋ ಆಕ್ಸೆಸ್ ಲಾಗ್ ಅನ್ನೋದು ಮೊದಲಿಂದ ಆನ್ ಆಗಿರೋದೂ ಇಲ್ಲ, ನಾವೇ ಹೋಗಿ ಆನ್ ಮಾಡಬೇಕು.

ಅಕ್ಕ: ಅಂದ್ರೆ ವನಗೂರು, ಬಿಸಿಲೆ, ಕಾಡಂಚಿನೋರು ಪಡೋ ಕಷ್ಟವೆಲ್ಲ ನಾಲ್ಕರ ಸಾಲಲ್ಲಿದೆ. ಓದೋರು ಐದರ ಸಾಲನ್ನ ಓದ್ತಾವ್ರೆ.

ತಮ್ಮ: ಹೌದು ಅಕ್ಕ. ನಾನು ಇಷ್ಟು ಹೊತ್ತು ಹೇಳ್ತಿದ್ದದ್ದೂ ಅದೇ ದಿಕ್ಕಿಗೆ ಬಂತು. ಹೆಲ್ತ್ ಚೆಕ್ ಹಿಂದಕ್ಕೆ ತಿರುಗಿ ಕೇಳುತ್ತೆ, ಮಷಿನ್ ಇದೆಯಾ ಅಂತ. ತನ್ನ ನೆಟ್‌ವರ್ಕ್ ಒಳಗೇ ಕೇಳುತ್ತೆ, ಅರೆಕ್ಷಣದಲ್ಲಿ ಉತ್ತರ ಸಿಗುತ್ತೆ. ಮುಂದಕ್ಕೆ ತಿರುಗಿ, ಬಂದೋರ ಕೆಲಸ ಆಯ್ತಾ ಅಂತ ಅದು ಕೇಳಲ್ಲ. ಕೇಳೋ ಏರ್ಪಾಡು ನಾವು ಮಾಡಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಮೊದಲೆಲ್ಲ, ಭೂ ದಾಖಲೆಯ ‘ಭೂಮಿ’ ಯೋಜನೆ ಶುರುವಾದ ಕಾಲದಲ್ಲಿ ಪಹಣಿ ಬರ್ತಿದ್ದದ್ದು ತಾಲ್ಲೂಕು ಕಚೇರಿಯ ಕಂಪ್ಯೂಟರಿಂದ. ಅಲ್ಲಿ ಕೆಟ್ಟರೆ ಕಿಟಕಿಯ ಒಳಗಿದ್ದೋರಿಗೂ ಕಾಣ್ತಿತ್ತು, ಹೊರಗಿದ್ದೋರಿಗೂ ಕಾಣ್ತಿತ್ತು. ಈಗ ಯಂತ್ರ ಎಲ್ಲೋ, ನೋಡ್ಕೊಳ್ಳೋರು ಎಲ್ಲೋ, ನಿಂತೋರು ನಿನ್ನ ಬಾಗಿಲಲ್ಲಿ. ಅದರಿಂದ ಎಷ್ಟೋ ಒಳ್ಳೇದಾಗಿದೆ, ವನಗೂರಲ್ಲೇ ಪಹಣಿ ಸಿಗುತ್ತೆ, ಸಕಲೇಶಪುರಕ್ಕೆ ಹೋಗೋದು ತಪ್ಪಿತು. ಅದಕ್ಕೇ ಈ ಕಡೆಯ ಕಷ್ಟ ಆ ಕಡೆಗೆ ಕಾಣಿಸೋಹಾಗೆ ಮಾಡೋದು ನಮ್ಮಂಥೋರ ಜವಾಬ್ದಾರಿ ಅನ್ನೋದು.

ಅಕ್ಕ: ಮಾಡೋದು ಹೆಂಗೆ ಹೇಳು. ಜವಾಬ್ದಾರಿ ಅಂತ ಎಲ್ಲರೂ ಹೇಳ್ತಾರೆ.

ತಮ್ಮ: ಮಳೆ ಪುಟದಲ್ಲಿ ಮಾಡಿರೋದನ್ನ ಹೇಳ್ತೀನಿ. ಕಾಯೋ ಹೊತ್ತು 60 ಸೆಕೆಂಡ್ ಇದ್ದದ್ದನ್ನ 180ಕ್ಕೆ ಏರಿಸಿದೀನಿ. ಅದರ ಜೊತೆಗೆ ಹಿಂದಿನ ಮಷಿನ್ ಇನ್ನೂ ಸ್ವಲ್ಪ ಜಾಸ್ತಿ ಕಾಯೋಹಾಗೆ ಇಡಬೇಕು. ಇಲ್ಲಾಂದ್ರೆ ಲೋಡ್ ಬ್ಯಾಲೆನ್ಸರ್ ಇನ್ನೂ ಹಿಡ್ಕೊಂಡಿರೋ ಸಂಪರ್ಕವನ್ನ ಮಷಿನ್ ಬಿಟ್ಟುಬಿಡುತ್ತೆ, ಆವಾಗ ಬರೋದೇ ನೀನು ನೋಡೋ 502. ಎರಡನೇದು, ಆಕ್ಸೆಸ್ ಲಾಗ್ ಆನ್ ಮಾಡಿ, 408 ಮತ್ತು 460ಕ್ಕೂ ಅಲಾರಂ. ಮೂರನೇದು, ಫೋಟೋ ಅಪ್‌ಲೋಡ್‌ನ ಚೂರು ಚೂರಾಗಿ ಕಳಿಸೋದು. ನಿಂತಲ್ಲಿಂದ ಮುಂದುವರಿಯುತ್ತೆ, ಮೊದಲಿಂದ ಶುರು ಮಾಡಬೇಕಿಲ್ಲ. ಅದು ಲೋಡ್ ಬ್ಯಾಲೆನ್ಸರ್ ಕೆಲಸ ಅಲ್ಲ, ಪುಟ ಬರೆಯೋರ ಕೆಲಸ. ಆದ್ರೆ ಲಾಗ್ ನೋಡದಿದ್ರೆ ಅವರಿಗೆ ಅದರ ಅಗತ್ಯವೇ ಗೊತ್ತಾಗಲ್ಲ.

ಅಕ್ಕ: ಹೊಸ ಬದಲಾವಣೆ ಹಾಕೋವಾಗ ಮಧ್ಯಾಹ್ನ ಹನ್ನೆರಡಕ್ಕೇ ಮಷಿನ್ ನಿಲ್ಲಿಸ್ತಾರಲ್ಲ ಕೆಲವರು, ಅರ್ಧ ಅರ್ಜಿ ಹಾಳಾಗ್ತದೆ.

ತಮ್ಮ: ಅದಕ್ಕೂ ದಾರಿ ಇದೆ. ಒಂದು ಮಷಿನ್ ತೆಗೀಬೇಕಾದ್ರೆ ಹೊಸಬರನ್ನ ಅದಕ್ಕೆ ಕಳಿಸಬೇಡ, ಒಳಗಿದ್ದೋರ ಕೆಲಸ ಮುಗಿಯೋವರೆಗೂ ಕಾಯಿ ಅಂತ ಹೇಳಬಹುದು. ಅಮೆಜಾನ್‌ನವರೇ 300 ಸೆಕೆಂಡ್ ಇಟ್ಟಿರ್ತಾರೆ, ಅದು ಸಾಕು. ಒಂದೊಂದಾಗಿ ಬದಲಾಯಿಸಿದ್ರೆ ಹೊರಗಿನೋರಿಗೆ ಗೊತ್ತೇ ಆಗಲ್ಲ. ಇದು ಕೆಲಸ ಗೊತ್ತಿರೋರು ಎಲ್ಲರೂ ಮಾಡೋದು. ನಾನು ನಿನ್ನ ಹತ್ತಿರ ಕೇಳಬೇಕು ಅಂದ್ಕೊಂಡಿದ್ದದ್ದು ಬೇರೆ.

ಅಕ್ಕ: ಏನು?

ತಮ್ಮ: ನಿನ್ನ ಈ ಕಂಪ್ಯೂಟರಲ್ಲಿ ಒಂದು ಸಣ್ಣ ಪ್ರೋಗ್ರಾಂ ಹಾಕ್ತೀನಿ. ಐದು ನಿಮಿಷಕ್ಕೊಮ್ಮೆ ಅದು ಮಳೆ ಪುಟಕ್ಕೆ ಹೋಗಿ, ಒಬ್ಬ ಬೆಳೆಗಾರ ಮಾಡೋ ಪೂರ್ತಿ ಕೆಲಸ ಮಾಡುತ್ತೆ. ಲಾಗಿನ್ ಆಗಿ, ಪರೀಕ್ಷೆಗೆ ಅಂತ ಇಟ್ಟಿರೋ ತೋಟದ ಹೆಸರಲ್ಲಿ ಒಂದು ಅಂಕಿ ಹಾಕಿ, ಅದು ಹಾಗೇ ವಾಪಸ್ ಬರುತ್ತಾ ಅಂತ ಓದಿ ನೋಡುತ್ತೆ. ಎಷ್ಟು ಹೊತ್ತು ಹಿಡೀತು ಅಂತ ಬರೆದಿಡುತ್ತೆ. ಮುಂಬೈನಿಂದ ಮಾಡಿದ ಇಂಥದೇ ಪರೀಕ್ಷೆಯ ಪಕ್ಕದಲ್ಲಿ ಇದನ್ನ ಇಟ್ಟು ನೋಡಿದ್ರೆ, ಎಲ್ಲಾ ಸರಿಯಿದೆ ಅನ್ನೋರಿಗೆ ತೋರಿಸೋಕೆ ನಮ್ಮ ಹತ್ರ ಒಂದು ಇರುತ್ತೆ.

ಅಕ್ಕ: ನೆಟ್ ಜಾಸ್ತಿ ಖರ್ಚಾಗ್ತದಾ?

ತಮ್ಮ: ಒಂದು ಸಲಕ್ಕೆ ಒಂದು ಫೋಟೋ ಕಳಿಸೋದರಷ್ಟೂ ಇಲ್ಲ, ಇಡೀ ದಿನಕ್ಕೆ ಸೇರಿಸಿದ್ರೂ ಸ್ವಲ್ಪವೇ.

ಅಕ್ಕ: ಕರೆಂಟ್ ಹೋದಾಗ ಯುಪಿಎಸ್ ಮೇಲೆ ಓಡಿಸ್ಬೇಡ, ಅದು ಬಂದೋರ ಅರ್ಜಿಗೆ ಬೇಕು.

ತಮ್ಮ: ಕರೆಂಟ್ ಹೋಗಿರೋದೂ ಲೆಕ್ಕಕ್ಕೆ ಬರಬೇಕಲ್ಲ ಅಕ್ಕ. ಇಲ್ಲಿಂದ ಸುದ್ದಿ ಬರಲಿಲ್ಲ ಅನ್ನೋದೂ ಸುದ್ದಿಯೇ. ಹದಿನೈದು ನಿಮಿಷ ಬರದಿದ್ರೆ ನನ್ನ ಫೋನಿಗೆ ಬರೋಹಾಗೆ ಇಡ್ತೀನಿ. ನೀನು ಅಂಗಡಿ ಮುಚ್ಚೋದು ಎಷ್ಟು ಹೊತ್ತಿಗೆ?

ಅಕ್ಕ: ಆರೂವರೆ. ಮಳೆಗಾಲದಲ್ಲಿ ಆನೆ ಸುದ್ದಿ ಇದ್ರೆ ಐದಕ್ಕೇ ಮುಚ್ತೀನಿ.

ತಮ್ಮ: ಹಾಗಿದ್ರೆ ಬೆಳಿಗ್ಗೆ ಏಳರಿಂದ ಐದರವರೆಗೆ ಅಂತ ಇಡ್ತೀನಿ. ಅಂಕಿ ಹಾಕೋ ಹೊತ್ತು ಹೇಗೂ ಬೆಳಿಗ್ಗೆಯೇ.

ಅಕ್ಕ: ಏಳಕ್ಕೆ ನಾನು ತೆಗೆದಿರಲ್ಲ. ಎಂಟೂವರೆ ಅಂತ ಹಾಕು.

ತಮ್ಮ: ಹೂಮಳೆ ದಿನ ಎಂಟೂವರೆಗೆಲ್ಲ ಅರ್ಧ ಜನ ನೋಡಿ ಮುಗಿಸಿರ್ತಾರೆ.

ಅಕ್ಕ: ಹಂಗಾದ್ರೆ ಕಂಪ್ಯೂಟರ್ ಬೇಡ. ಮನೇಲಿ ಹಳೇ ಫೋನ್ ಒಂದಿದೆ, ಡಿಸ್ಪ್ಲೇ ಒಡೆದಿದೆ ಅಷ್ಟೇ, ಬ್ಯಾಟರಿ ಗಟ್ಟಿಯಾಗಿದೆ. ಅದರ ಮೇಲೆ ಓಡ್ತದಾ ನೋಡು. ಓಡಿದ್ರೆ ಕಿಟಕಿ ಹತ್ರ ಇಡು, ಸಿಗ್ನಲ್ ಸಿಗೋದು ಅಲ್ಲೊಂದೇ ಕಡೆ. ಇಡೋ ಮುಂಚೆ ಆ 408 ಬಂದಾಗ ಜನರಿಗೆ ಕಾಣೋ ಸಾಲನ್ನ ಕನ್ನಡದಲ್ಲಿ ಬರಿ. ಏನಾಯ್ತು, ಏನು ಉಳ್ಕೊಂಡಿದೆ, ಮತ್ತೆ ಯಾವಾಗ ಒತ್ತಬೇಕು, ಮೂರೂ ಇರಲಿ.